ಅನುಮತಿ ಪಟ್ಟಿಯಲ್ಲಿ ಒಂದೇ ಹೆಸರು

ಆಸ್ಪತ್ರೆಯ ನೆಲಮಹಡಿಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ದಿನಕ್ಕೆ ನಲವತ್ತು ಐವತ್ತು ಜನ ಬರುತ್ತಾರೆ; ಎದೆ, ಮೊಣಕಾಲು, ಜಾರಿಬಿದ್ದು ಊದಿಕೊಂಡ ಮಣಿಕಟ್ಟು. “ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಈಗ ಬಿಡಿ” ಎಂದು ಗಾಜಿನ ಹಿಂದೆ ನಿಂತು ಹೇಳುತ್ತಾಳೆ. ಹದಿನಾಲ್ಕು ವರ್ಷ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಒಮ್ಮೆ ಮಗಳು ಯಾವುದಕ್ಕೋ ಬಿಕ್ಕಿ ಬಿಕ್ಕಿ ಅಳುವಾಗ ಇದೇ ಮಾತು ಬಾಯಿಗೆ ಬಂದು, ಹುಡುಗಿ ಅಳುವುದನ್ನೇ ನಿಲ್ಲಿಸಿ, “ಅಮ್ಮಾ, ನಾನು ನಿನ್ನ ಪೇಷೆಂಟ್ ಅಲ್ಲ” ಎಂದಿದ್ದಳು.

ಮಗಳಿಗೆ ಹದಿಮೂರು. ಚಿಕ್ಕಂದಿನಿಂದಲೂ ಕೂತಲ್ಲಿ ಕೂರುವ ಜೀವವಲ್ಲ. ಅಪ್ಪ ಇಟ್ಟ ಹೆಸರು ಮಿಡತೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಮನೆಯಲ್ಲಿ ಉಳಿದದ್ದು ಅದೇ. ಅಪ್ಪ ಮಾತ್ರ ಉಳಿಯಲಿಲ್ಲ. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷವಾಗಿತ್ತು. ಹೊಡೆತ ಬಡಿತ ಏನೂ ಇರಲಿಲ್ಲ. ಒಬ್ಬರು ಹೂಂ ಅಂದರೆ ಇನ್ನೊಬ್ಬರು ಊಹೂಂ ಅನ್ನುವುದು ಎಷ್ಟು ರೂಢಿಯಾಗಿಹೋಯಿತೆಂದರೆ, ಕೊನೆಗೆ ಬೇರೆ ಇರೋಣ ಎಂಬುದೊಂದಕ್ಕೆ ಮಾತ್ರ ಇಬ್ಬರೂ ಹೂಂ ಅಂದರು.

ಅವನು ಟವರ್ ಕ್ರೇನ್ ನಡೆಸುವವನು. ಎತ್ತರದ ಕಟ್ಟಡಗಳು ಏಳುವ ಕಡೆ, ಅವಕ್ಕಿಂತ ಎತ್ತರದಲ್ಲಿ, ಹಕ್ಕಿಗೂಡಿನಂಥ ಒಂದು ಗಾಜಿನ ಕ್ಯಾಬಿನ್‌ನಲ್ಲಿ ಒಬ್ಬನೇ ಕೂತು ಕಬ್ಬಿಣ ಸಿಮೆಂಟು ಎತ್ತಿಳಿಸುತ್ತಾನೆ. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತಾನೆ, ಸಂಜೆ ತಂದು ಬಿಡುತ್ತಾನೆ. ಅವಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಒಂದು ಫೋನು ಕೊಡಿಸಿದ. ತನ್ನ ಹತ್ತಿರ ಇದ್ದಂಥದೇ, ಅದೇ ಕಂಪನಿಯದು. ಅಂಗಡಿಯಲ್ಲೇ ಕೂತು, ತನ್ನ ಖಾತೆಯ ಕೆಳಗೆ ಮಗುವಿನ ಖಾತೆ ಮಾಡಿ, ಪೋಷಕರ ನಿಯಂತ್ರಣ ಹಾಕಿ, ತಾನೇ ಅದಕ್ಕೊಂದು ಗುಪ್ತ ಸಂಖ್ಯೆ ಕೊಟ್ಟು ತಂದಿದ್ದ.

ವಾರಕ್ಕೆ ಆರು ದಿನ ಮಗಳ ಜೊತೆ ಇರುವವಳು ತಾಯಿ. ಅವಳ ಫೋನು ಬೇರೆ ಜಾತಿಯದು. ಆ ನಿಯಂತ್ರಣ ತನ್ನ ಫೋನಿಗೂ ಬರಲಿ ಎಂದು ಅವಳು ಮಾಡದ ಕಸರತ್ತಿಲ್ಲ. ಒಂದು ಆ್ಯಪ್ ಹಾಕಿದಳು. ಅದು ಮಗಳ ಫೋನನ್ನು ಕಂಡರೂ ಕಾಣದ ಹಾಗೆ ಇತ್ತು. ಇನ್ನೊಂದು ಹಾಕಿದಳು, ಅದು ಮಗಳ ಫೋನಿನ ಬ್ಯಾಟರಿ ಎಷ್ಟಿದೆ ಎಂದು ಹೇಳಿ ಸುಮ್ಮನಾಯಿತು. ಕೊನೆಗೆ ಎರಡೂ ಫೋನುಗಳನ್ನು ರಿಪೇರಿ ಅಂಗಡಿಯವನ ಮುಂದಿಟ್ಟಳು.

ಅವನು ಎರಡನ್ನೂ ತಿರುಗಿಸಿ ನೋಡಿ ನಕ್ಕ. “ಅಕ್ಕಾ, ಎತ್ತು ಏರಿಗೆಳೀತಂತೆ, ಕೋಣ ನೀರಿಗೆಳೀತಂತೆ. ಇವೆರಡೂ ಹಾಗೇನೇ. ಒಂದಕ್ಕೊಂದು ಮಾತಾಡಲ್ಲ. ನೀವೂ ಅದೇ ಕಂಪನಿ ಫೋನ್ ತಗೊಳ್ಳಿ, ಇಲ್ಲಾ ಮಗಳಿಗೆ ನಿಮ್ಮಂಥದ್ದು ಕೊಡ್ಸಿ.”

“ಎರಡೂ ಆಗಲ್ಲಪ್ಪ. ಬೇರೆ ದಾರಿ?”

“ಇದೆ. ಮಗಳ ಫೋನಲ್ಲೇ ಸೆಟ್ಟಿಂಗ್ ಬದಲಾಯಿಸ್ಬಹುದು. ಆದ್ರೆ ಗುಪ್ತ ಸಂಖ್ಯೆ ಬೇಕು. ಅದು ಅವರಪ್ಪನ ಹತ್ರ ಇದೆ ಅಂದ್ರಲ್ಲ, ಕೇಳಿ ತಗೊಳ್ಳಿ.”

ಅವಳು ಕೇಳಿದಳು. ಅವನು ಕೊಡಲಿಲ್ಲ. “ನಾನು ಕೊಡಿಸಿರೋದು ಅದೊಂದೇ. ಅದೂ ನಿನ್ನ ಕೈಗೆ ಹೋಗ್ಬೇಕಾ?” ಎಂದ. “ಏನು ಬೇಕೋ ಹೇಳು, ನಾನೇ ಹಾಕ್ತೀನಿ.”

ಅಲ್ಲಿಂದ ಶುರುವಾಯಿತು. ಮಗಳು ಯಾವುದಾದರೂ ಆ್ಯಪ್ ಬೇಕೆಂದು ಒತ್ತಿದರೆ ಕೋರಿಕೆ ಅಪ್ಪನ ಫೋನಿಗೆ ಹೋಗುತ್ತಿತ್ತು. ಕ್ಯಾಬಿನ್‌ಗೆ ಫೋನು ಒಯ್ಯುವ ಹಾಗಿಲ್ಲ. ಚಹಾಕ್ಕೆ ಇಳಿದಾಗ ಸೈಟ್ ಆಫೀಸಿನ ಕಪಾಟಿನಿಂದ ತೆಗೆದು ನೋಡುತ್ತಿದ್ದ. ಒಂದು ಕೈಯಲ್ಲಿ ಲೋಟ, ಇನ್ನೊಂದರ ಹೆಬ್ಬೆರಳಲ್ಲಿ ‘ಅನುಮತಿಸು’. ಮಗಳಿಗೆ ವಾರದಲ್ಲಿ ಒಂದು ದಿನದ ಅಪ್ಪ ಅವನು. ಇಲ್ಲ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ.

ಮಿಡತೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದಳು. ಬಸ್ಸಿನಲ್ಲಿ ಕೂತವರ ಕಾಲುಗಳು, ಸವೆದ ಚಪ್ಪಲಿಗಳು, ಬಿಚ್ಚಿದ ಲೇಸುಗಳು, ಇಂಥವೇ. ಬರೆದದ್ದನ್ನು ಹಾಕಿ ಬೇರೆಯವರ ಜೊತೆ ಮಾತಾಡಬಹುದಾದ ಒಂದು ಆ್ಯಪ್ ಅವಳಿಗೆ ಸಿಕ್ಕಿತ್ತು. ಅದರಲ್ಲಿ ‘ನೀಲಿ ಪೆನ್ಸಿಲ್’ ಎಂಬ ಹೆಸರಿನ ಒಬ್ಬಳು ಅಕ್ಕ. ಹದಿನೇಳು ವರ್ಷವಂತೆ, ಚಿತ್ರಕಲೆ ಓದುತ್ತಾಳಂತೆ. ಒಂದು ದಿನ ಮಗಳು ಸ್ನಾನಕ್ಕೆ ಹೋದಾಗ ತಾಯಿ ಆ ಮಾತುಕತೆ ಓದಿದಳು. ‘ನಿನ್ನ ಅಮ್ಮನಿಗೆ ನೀನು ಅರ್ಥ ಆಗಲ್ಲ, ನನಗೆ ಆಗ್ತೀಯ’ ಎಂಬ ಸಾಲನ್ನು ಎರಡು ಸಲ ಓದಿದಳು. ಹದಿನೇಳರ ಹುಡುಗಿ ಬರೆಯುವ ಮಾತಲ್ಲ ಅದು. ಅಂದೇ ಆ ಆ್ಯಪ್ ತೆಗೆಸಿದಳು. ಮಗಳು ಎರಡು ದಿನ ಊಟದ ತಟ್ಟೆಯ ಜೊತೆ ಮಾತ್ರ ಮಾತಾಡಿದಳು. ಮೂರನೆಯ ದಿನಕ್ಕೆ ಆ್ಯಪ್ ಮತ್ತೆ ಬಂದಿತ್ತು. ಅಪ್ಪ ಅನುಮತಿ ಕೊಟ್ಟಿದ್ದ.

“ಓದಿ ನೋಡಿದ್ರಾ ಅದರಲ್ಲಿ ಏನಿದೆ ಅಂತ?” ಎಂದು ಅವಳು ಫೋನಿನಲ್ಲಿ ಕೂಗಿದಳು.

“ಚಿತ್ರ ಬಿಡ್ಸೋ ಆ್ಯಪು ಕಣೇ. ಅದಕ್ಕೂ ಇಷ್ಟು ರಾದ್ಧಾಂತಾನಾ?”

“ಅದರಲ್ಲಿ ಯಾರೋ ಇದಾರೆ ರೀ. ಹುಡುಗಿ ಅಲ್ಲ ಅದು.”

“ನಿನಗೆ ಎಲ್ಲದರಲ್ಲೂ ಯಾರೋ ಇರ್ತಾರೆ.”

ಒಟ್ಟಿಗಿದ್ದಾಗಲೂ ಅವಳದು ಅನುಮಾನದ ಬುದ್ಧಿ ಎನ್ನುತ್ತಿದ್ದ; ಹಳೆಯ ಗಾಯದ ಮೇಲೆ ಬಿದ್ದ ಮಾತು ಅದು. ಅವಳು ಹಲ್ಲು ಕಚ್ಚಿ, “ಸಂಜೆ ಐದರಿಂದ ಏಳೂವರೆವರೆಗೆ ಆದ್ರೂ ಫೋನ್ ಬಂದ್ ಆಗೋ ಹಾಗೆ ಮಾಡಿ. ಓದೋ ಹೊತ್ತು” ಎಂದಳು.

ಮರುದಿನ ಅವನ ಸಂದೇಶ ಬಂತು: ‘ಹಾಕಿದೀನಿ. ಇನ್ನಾದ್ರೂ ನೆಮ್ಮದಿಯಾಗಿರು.’ ಆಮೇಲೆ ಎರಡು ವಾರ ಇಬ್ಬರೂ ಮಾತಾಡಲಿಲ್ಲ.

ಆ ಗುರುವಾರ ಅವಳು ಕೆಲಸ ಮುಗಿಸಿ ಮನೆ ತಲುಪಿದಾಗ ಐದು ದಾಟಿ ಐದು ನಿಮಿಷ. ಬಾಗಿಲಿಗೆ ಬೀಗ. ಒಳಗೆ ಮಂಚದ ಮೇಲೆ ಶಾಲೆಯ ಸಮವಸ್ತ್ರ ಬಿದ್ದಿತ್ತು, ಮೂಲೆಯಲ್ಲಿ ಚೀಲ. ಬೀರುವಿನಿಂದ ಹಸಿರು ಅಂಗಿ ಮಾಯ. ಮೇಜಿನ ಮೇಲೆ ಯಾವಾಗಲೂ ಇರುವ ಚಿತ್ರದ ಪುಸ್ತಕವೂ ಇರಲಿಲ್ಲ.

ಎದುರುಮನೆಯ ಅಜ್ಜಿ ಕಿಟಕಿಯಿಂದಲೇ ಹೇಳಿದಳು. “ನಾಲ್ಕೂಕಾಲಿಗೇ ಹೋದ್ಲಲ್ಲಮ್ಮಾ. ತಲೆಯೆಲ್ಲಾ ಬಾಚ್ಕೊಂಡು. ಎಲ್ಲಿಗೇ ಅಂದೆ, ಗೆಳತಿ ಮನೆಗೆ ಅಂದ್ಲು.”

ಅವಳು ಮಗಳಿಗೆ ಫೋನು ಹಚ್ಚಿದಳು. ರಿಂಗ್ ಆಗಲಿಲ್ಲ. ಮತ್ತೆ ಹಚ್ಚಿದಳು. ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು. ಗೆಳತಿಯ ಮನೆಗೆ ಮಾಡಿದಳು. ಗೆಳತಿಯ ತಾಯಿ, “ಇಲ್ಲಿಗೆ ಬಂದಿಲ್ವಲ್ಲ” ಎಂದರು. ಹಿಂದೆಯೇ ಯಾರೋ ಮುಸಿಮುಸಿ ಅಳುವ ಸದ್ದು.

“ಅವಳ ಕೈಗೆ ಕೊಡಿ. ದಯವಿಟ್ಟು ಕೊಡಿ.”

ಗೆಳತಿ ಅಳುತ್ತಲೇ ಹೇಳಿದಳು. “ಆಂಟಿ, ಯಾರಿಗೂ ಹೇಳ್ಬೇಡ ಅಂದಿದ್ಲು. ಅವಳು ನೀಲಿ ಪೆನ್ಸಿಲ್ ಅಕ್ಕನ್ನ ನೋಡೋಕೆ ಹೋಗಿದಾಳೆ. ಆ ಅಕ್ಕ ಅವಳಿಗೆ ಬಣ್ಣದ ಸೆಟ್ ಕೊಡ್ತೀನಿ ಅಂದಿದಾರಂತೆ.”

“ಎಲ್ಲಿಗೆ ಪುಟ್ಟಾ? ಎಲ್ಲಿಗೆ ಅಂದ್ಲು?”

“ಅದು ಹೇಳ್ಲಿಲ್ಲ ಆಂಟಿ.”

ತಾಯಿ ಆ ಕರೆ ಕತ್ತರಿಸಿದಳು. ಪೊಲೀಸರಿಗೆ ಫೋನು ಮಾಡಿದಳು. ಆ ಕಡೆಯವರು ಸಾವಧಾನವಾಗಿ ಎಲ್ಲ ಬರೆದುಕೊಂಡರು: ವಯಸ್ಸು, ಎತ್ತರ, ಹಸಿರು ಅಂಗಿ. “ಮಗು ಹತ್ತಿರ ಫೋನಿದೆಯಲ್ವಾ, ಎಲ್ಲಿದೆ ಅಂತ ತೋರಿಸೋ ಸೌಕರ್ಯ ಇದೆಯಾ?” ಎಂದು ಕೇಳಿದರು.

“ಇದೆ. ನನ್ನ ಫೋನಲ್ಲಿ ಕಾಣಲ್ಲ. ಅವರಪ್ಪನ ಫೋನಲ್ಲಿ ಕಾಣುತ್ತೆ.”

“ಹಾಗಾದ್ರೆ ಅವರಿಗೆ ಈಗಿಂದೀಗ್ಲೇ ನೋಡೋಕೆ ಹೇಳಿ. ಜಾಗ ಗೊತ್ತಾದ ತಕ್ಷಣ ಇದೇ ನಂಬರಿಗೆ ತಿಳಿಸಿ. ನಾವೂ ಹುಡುಕೋಕೆ ಶುರು ಮಾಡ್ತೀವಿ.”

ಅವನಿಗೆ ಹಚ್ಚಿದಳು. ರಿಂಗ್ ಆಯಿತು, ಆಯಿತು, ನಿಂತಿತು. ಹತ್ತು ಸಲ ಮಾಡಿದಳು. ಈ ವಾರ ಅವನದು ಮಧ್ಯಾಹ್ನದ ಪಾಳಿ. ಚಹಾ ಮುಗಿಸಿ ಮತ್ತೆ ಮೇಲೆ ಹತ್ತಿದ್ದಾನೆ, ಇನ್ನು ಎಂಟರವರೆಗೆ ಇಳಿಯುವುದಿಲ್ಲ. ಗೊತ್ತಿದ್ದೂ ಹನ್ನೊಂದನೆಯ ಸಲ ಮಾಡಿದಳು. ಮಗಳು ಎಲ್ಲಿದ್ದಾಳೆಂದು ಬಲ್ಲ ವಸ್ತು ಈ ಊರಿನಲ್ಲಿ ಒಂದೇ ಒಂದಿದೆ, ಅದು ಯಾವುದೋ ಕಪಾಟಿನಲ್ಲಿ ಗುಂಯ್‌ಗುಡುತ್ತ ಬಿದ್ದಿದೆ.

ಚಪ್ಪಲಿ ಹಾಕಿಕೊಂಡಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಟ್ಯಾಕ್ಸಿ ಸಿಕ್ಕಿತು. ಸಂಜೆಯ ವಾಹನಗಳ ಸಾಲು ಆಮೆಯಂತೆ ತೆವಳುತ್ತಿತ್ತು. ಅವಳು ಕಿಟಕಿಯಿಂದ ಕಂಡ ಹಸಿರು ಬಣ್ಣವನ್ನೆಲ್ಲ ನೋಡಿದಳು: ಒಂದು ಕೊಡೆ, ಒಂದು ಬಕೆಟ್ಟು, ಯಾರದೋ ಮಗುವಿನ ಟೋಪಿ. ಅರ್ಧ ದಾರಿಯಲ್ಲಿ ಗಾಡಿ ಅಲುಗದೆ ನಿಂತಾಗ ಇಳಿದು ಓಡಿದಳು.

ಸೈಟಿನ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. “ಮೇಡಂ, ಹೆಲ್ಮೆಟ್ ಇಲ್ದೆ ಒಳಗೆ ಬಿಡಲ್ಲ.” ಅವಳು ಅವನ ತಲೆಯ ಮೇಲಿನದನ್ನೇ ಕಿತ್ತು ಹಾಕಿಕೊಂಡು ಒಳಗೆ ನುಗ್ಗಿದಳು. ಅವನು ಬರಿತಲೆಯಲ್ಲಿ ಹಿಂದೆ ಓಡಿಬಂದ. ಬೇರೆ ದಿನವಾಗಿದ್ದರೆ ನೋಡಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವಳ ಮುಖ ಕಂಡು ಯಾರೂ ನಗಲಿಲ್ಲ.

ತಗಡಿನ ಆಫೀಸಿನಲ್ಲಿ ಮೇಲ್ವಿಚಾರಕ ಯಾವುದೋ ನಕ್ಷೆ ಹರಡಿಕೊಂಡು ಕೂತಿದ್ದ. ಅವಳು ಮೂರೇ ಮಾತಿನಲ್ಲಿ ಹೇಳಿದಳು. ಅವನು ತಟ್ಟನೆ ಎದ್ದು ಕಪಾಟಿನ ಬಾಗಿಲು ತೆಗೆದ. ಖಾನೆಗಳಲ್ಲಿ ಫೋನುಗಳ ಸಾಲು. ಗಂಡನ ಫೋನು ಮೂರನೆಯದು. ಎತ್ತಿಕೊಂಡಾಗ ಪರದೆ ಬೆಳಗಿತು.

‘ಮಿಡತೆ: 11 ಮಿಸ್ಡ್ ಕಾಲ್.’ ಕೊನೆಯದು ಐದು ಗಂಟೆ ಮೂವತ್ತೆಂಟು ನಿಮಿಷಕ್ಕೆ. ಅದರ ಕೆಳಗೆ ತನ್ನವು.

ಈಗ ಐದೂ ಐವತ್ತು. ಮಗಳು ಕರೆದಿದ್ದಳು. ಒಂದಲ್ಲ ಎರಡಲ್ಲ, ಹನ್ನೊಂದು ಸಲ. ಅವಳು ಪರದೆಯನ್ನು ಎಳೆದಳು, ಒತ್ತಿದಳು. ಅದು ಅವನ ಮುಖ ಕೇಳಿತು. ಇಲ್ಲದಿದ್ದರೆ ಗುಪ್ತ ಸಂಖ್ಯೆ. ಮಗಳ ಹುಟ್ಟಿದ ದಿನ ಹಾಕಿದಳು, ತಪ್ಪು. ಅವನದು ಹಾಕಿದಳು, ತಪ್ಪು. ಮದುವೆಯ ದಿನಾಂಕ ಹಾಕಲು ಹೋಗಿ ಕೈ ತಡೆಯಿತು, ಆದರೂ ಹಾಕಿದಳು. ತಪ್ಪು. ಒಂದು ನಿಮಿಷ ಬಿಟ್ಟು ಪ್ರಯತ್ನಿಸಿ ಎಂದಿತು.

“ಇನ್ನೊಂದ್ಸಲ ಮಾಡೇ” ಎಂದು ಅವಳು ಆ ಫೋನನ್ನು ಎದೆಗೊತ್ತಿಕೊಂಡು ಬೇಡಿದಳು. “ಇನ್ನೊಂದೇ ಸಲ ಮಾಡೇ ನನ್ನವ್ವಾ, ನಾನು ಎತ್ತುತೀನಿ.”

ಫೋನು ಸುಮ್ಮನಿತ್ತು.

ಮೇಲ್ವಿಚಾರಕ ವಾಕಿಟಾಕಿಯಲ್ಲಿ ಮಾತಾಡುತ್ತಿದ್ದ. “ಭಾರ ಇಳಿಸಿ ಕೂಡ್ಲೇ ಕೆಳಗೆ ಬಾ. ಮನೆಯವರು ಬಂದಿದಾರೆ.” ಗರಗರ ಸದ್ದಿನ ನಡುವೆ ಅವನ ದನಿ ಬಂತು: “ಯಾವ ಮನೆಯವರು?” ಅವಳು ವಾಕಿಟಾಕಿ ಕಸಿದುಕೊಂಡಳು.

“ಮಿಡತೆ ಕಾಣೆಯಾಗಿದಾಳೆ. ಇಳಿಯೋ! ನೀನು ಇಳಿದು ಬಾರೋ!”

ಹದಿನೈದು ವರ್ಷದಲ್ಲಿ ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವಳು ಹೊರಗೆ ಬಂದು ತಲೆಯೆತ್ತಿದಳು. ಆಕಾಶದ ಅಂಚಿನಲ್ಲಿ ಕ್ರೇನಿನ ತೋಳು ಒಂದು ಕಂತೆ ಕಬ್ಬಿಣದ ಸರಳು ಹಿಡಿದು ನಿಂತಿತ್ತು. ಕೆಳಗೆ ಕೆಲಸದವರಿದ್ದರು, ಎತ್ತಿದ ಭಾರವನ್ನು ಹಾಗೇ ಬಿಟ್ಟು ಬರುವಂತಿಲ್ಲ. ತೋಳು ನಿಧಾನ ತಿರುಗಿತು, ಕಂತೆ ನಿಧಾನ ಇಳಿಯಿತು. ಆಮೇಲೆ ಇರುವೆಯಷ್ಟು ಗಾತ್ರದ ಒಬ್ಬ ಮನುಷ್ಯ ಕಬ್ಬಿಣದ ಪಂಜರದೊಳಗಿನ ಏಣಿಯಲ್ಲಿ ಇಳಿಯತೊಡಗಿದ. ಒಂದು ಮಜಲು, ಇನ್ನೊಂದು ಮಜಲು. ಅವಳಿಗೆ ಅವನ ಕಾಲುಗಳನ್ನು ಹಿಡಿದು ಎಳೆಯಬೇಕೆನ್ನಿಸಿತು. ಮರುಕ್ಷಣವೇ, ಜಾರಿ ಬಿದ್ದಾನು, ಬಿದ್ದರೆ ಆ ಫೋನು ತೆಗೆಯುವವರಾರು ಎಂದು ಹೆದರಿದಳು. ಆ ಹೊತ್ತಿನಲ್ಲಿ ಗಂಡನ ಜೀವದ ಬಗ್ಗೆ ತನಗೆ ಬಂದ ಯೋಚನೆ ಅದೊಂದೇ ಎಂಬುದು ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ಅವನು ಇಳಿದಾಗ ಆರು ಗಂಟೆ ದಾಟಿತ್ತು. ಅಂಗಿ ಬೆನ್ನಿಗಂಟಿತ್ತು. ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. ತೆರೆಯಿತು.

ಮೊದಲು ಮಗಳಿಗೆ ಮಾಡಿದ. ಸ್ವಿಚ್ ಆಫ್. ನಕ್ಷೆ ತೆರೆದ. ಬೂದು ಬಣ್ಣದ ಒಂದು ಚುಕ್ಕೆ: ಕೊನೆಯದಾಗಿ ಕಂಡದ್ದು ಐದು ನಲವತ್ತೆರಡಕ್ಕೆ, ರೈಲ್ವೆ ನಿಲ್ದಾಣದ ಪಕ್ಕದ ಮೂರಂತಸ್ತಿನ ಅಂಗಡಿ ಸಂಕೀರ್ಣ. ಅವಳು ಪೊಲೀಸರಿಗೆ ಜಾಗ ಹೇಳಿದಳು. ಅವನು ಬೈಕ್ ತಂದ. ಎರಡು ವರ್ಷದ ನಂತರ ಅವಳು ಅವನ ಹಿಂದೆ ಕೂತಳು.

ದಾರಿಯಲ್ಲಿ ಗಾಳಿಗೆ ಎದುರಾಗಿ ಕೂಗಿದಳು. “ನಿನಗೆ ಹನ್ನೊಂದ್ಸಲ ಮಾಡಿದಾಳೆ. ನನಗ್ಯಾಕೆ ಒಂದ್ಸಲಾನೂ ಮಾಡ್ಲಿಲ್ಲ?”

ಅವನು ಬೈಕಿನ ವೇಗ ಹೆಚ್ಚಿಸಿದ. ಮುಂದೆ ಸಿಗ್ನಲ್‌ನಲ್ಲಿ ನಿಲ್ಲಬೇಕಾಯಿತು.

“ಕೇಳಿಸ್ತಾ? ನನಗ್ಯಾಕೆ ಮಾಡ್ಲಿಲ್ಲ?”

“ಮಾಡೋಕಾಗಿರಲ್ಲ” ಎಂದ, ಹಿಂದಿರುಗಿ ನೋಡದೆ. “ಐದರಿಂದ ಏಳೂವರೆ ಬಂದ್ ಮಾಡು ಅಂದ್ಯಲ್ಲ. ಆ ಹೊತ್ತಲ್ಲಿ ಯಾರಿಗೆ ಮಾತ್ರ ಕರೆ ಮಾಡ್ಬಹುದು ಅಂತ ಒಂದು ಪಟ್ಟಿ ಕೇಳ್ತು. ನಾನು ನನ್ನ ಹೆಸರು ಹಾಕ್ದೆ.”

“ನನ್ನದು?”

“ಆ ಹೊತ್ತಲ್ಲಿ ನೀನು ಮನೇಲೇ ಇರ್ತೀಯಲ್ಲ ಅಂತ…” ಎಂದು ನಿಲ್ಲಿಸಿದ. ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಒತ್ತಿದರು. “ಸುಳ್ಳು. ನಿನ್ನ ಮೇಲೆ ಸಿಟ್ಟಿತ್ತು. ಬೇಕಂತಲೇ ಬಿಟ್ಟೆ.”

ಮಗಳ ಫೋನು ಸಿಗುತ್ತಿಲ್ಲ ಎಂದು ಆ ಹೆಣ್ಣುದನಿ ಹೇಳಿದ್ದು ಅವಳಿಗೆ ಈಗ ಅರ್ಥವಾಯಿತು. ಫೋನು ಆಫ್ ಆಗಿರಲಿಲ್ಲ. ತಾಯಿಯ ಕರೆ ಒಳಗೆ ಹೋಗದಂತೆ ಬಾಗಿಲು ಹಾಕಿತ್ತು. ಆ ಬಾಗಿಲು ಹಾಕಿಸಿದ್ದು ತಾನೇ. ಬೀಗ ಜಡಿದವನು ಅವನು. ಬೆನ್ನಿಗೆ ಗುದ್ದಬೇಕೆನ್ನಿಸಿತು. ಕೈ ಎತ್ತಲಾಗಲಿಲ್ಲ, ಆ ಕೈಯೇ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಅಂಗಡಿ ಸಂಕೀರ್ಣದಲ್ಲಿ ಜನವೋ ಜನ. ಮೇಲೆ ಕೆಳಗೆ ಓಡುವ ಮೆಟ್ಟಿಲುಗಳು, ಎಲ್ಲ ಕಡೆ ಕನ್ನಡಿ, ಎಲ್ಲ ಕಡೆ ದೀಪ. ಅವನು ಮೇಲಿನಿಂದ ಹುಡುಕುತ್ತ ಬರುತ್ತೇನೆಂದು ಮೆಟ್ಟಿಲು ಹತ್ತಿದ. ಅವಳು ಕೆಳಗಿನಿಂದ ಹೊರಟಳು. ಆಟಿಕೆ ಅಂಗಡಿ, ಬೂಟಿನ ಅಂಗಡಿ, ಐಸ್‌ಕ್ರೀಮಿನ ಸಾಲು. ಕಂಡಕಂಡವರಿಗೆ ತನ್ನ ಫೋನಿನ ಫೋಟೋ ತೋರಿಸಿದಳು. “ಹಸಿರು ಅಂಗಿ. ಕೈಯಲ್ಲಿ ಚಿತ್ರದ ಪುಸ್ತಕ. ನೋಡಿದ್ರಾ?” ಜನ ತಲೆಯಾಡಿಸಿದರು. ಒಬ್ಬ ಹೆಂಗಸು ತನ್ನ ಮಗುವಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಬಣ್ಣ ಕಾಗದ ಮಾರುವ ಅಂಗಡಿಯವನು ಮಾತ್ರ ಫೋಟೋವನ್ನು ತುಸು ಹೊತ್ತು ನೋಡಿದ. “ಇಲ್ಲೇ ಹೊರಗೆ ನಿಂತಿದ್ಲು. ಐದು ಗಂಟೆ ಸುಮಾರಿಗೆ. ಒಬ್ರು ಗಂಡಸು ಮಾತಾಡಿಸ್ತಾ ಇದ್ರು. ಅವರಪ್ಪ ಇರ್ಬೇಕು ಅಂದ್ಕೊಂಡೆ.”

“ಆಮೇಲೆ?”

“ಗೊತ್ತಿಲ್ಲಮ್ಮ. ಗಿರಾಕಿ ಬಂದ್ರು.”

ಅವಳ ಬಾಯಿಂದ ಒಂದು ದನಿ ಹೊರಟಿತು. ಅದು ಮಾತಲ್ಲ, ಅಳುವೂ ಅಲ್ಲ. ಸುತ್ತಲಿನವರು ತಿರುಗಿ ನೋಡಿದರು. ಅವಳು ಅಲ್ಲೇ, ಹೊಳೆಯುವ ನೆಲದ ಮೇಲೆ, ಕುಸಿದು ಕೂತಳು. ವಾಹನ ನಿಲ್ಲಿಸುವ ನೆಲಮಾಳಿಗೆಗೆ ಇಳಿಯುವ ದಾರಿ ಎದುರಿಗೇ ಇತ್ತು. ಅಲ್ಲಿಂದ ಒಂದು ಕಾರು ಹೊರಗೆ ಹೋಯಿತು. ಇನ್ನೊಂದು ಹೋಯಿತು. ಯಾವುದರಲ್ಲಿ, ಎಷ್ಟು ಹೊತ್ತಿಗೆ ಮುಂಚೆ?

ಆಗ ಯಾರೋ ಭುಜ ಮುಟ್ಟಿದರು. ಬೂದು ಸಮವಸ್ತ್ರದ ಒಬ್ಬ ಹೆಂಗಸು, ಕೈಯಲ್ಲಿ ನೆಲ ಒರೆಸುವ ಕೋಲು. ಇಲ್ಲಿನ ಶೌಚಾಲಯಗಳನ್ನು ಸ್ವಚ್ಛ ಮಾಡುವವಳು.

“ನೀವು ಆ ಮಗು ಅಮ್ಮನಾ?” ಎಂದು ಮೆಲ್ಲಗೆ ಕೇಳಿದಳು. “ಹಸಿರು ಅಂಗಿ ಮಗು?”

ತಾಯಿ ಅವಳ ಎರಡೂ ಕೈ ಹಿಡಿದುಕೊಂಡಳು.

“ಇದಾಳೆ. ಏನೂ ಆಗಿಲ್ಲ. ನನ್ನ ಕೋಣೇಲಿ ಕೂರಿಸಿ ಹೊರಗಿಂದ ಚಿಲಕ ಹಾಕಿದೀನಿ. ಕಾವಲಿನೋರಿಗೆ ಹೇಳೋಣ ಅಂದ್ರೆ, ಗಂಡಸರನ್ನ ಯಾರನ್ನೂ ಕರೀಬೇಡಿ ಅಂತ ಅಳ್ತಾಳೆ. ಅಮ್ಮನ ನಂಬರ್ ಹೇಳು, ನನ್ನ ಫೋನಿಂದ ಮಾಡ್ತೀನಿ ಅಂದ್ರೆ, ಬಾಯಿಗೆ ಬರಲ್ಲ ಅಂತಾಳೆ. ಅಪ್ಪಂದೂ ಬರಲ್ಲ. ಈಗಿನ ಮಕ್ಕಳಿಗೆ ಯಾವ ನಂಬರೂ ಬರಲ್ಲಮ್ಮ. ಅದಕ್ಕೇ ಹಸಿರು ಅಂಗಿ ಹುಡುಕ್ಕೊಂಡು ಯಾರು ಬರ್ತಾರೆ ಅಂತ ನಾನೇ ಒರೆಸ್ತಾ ಒರೆಸ್ತಾ ನೋಡ್ತಾ ಇದ್ದೆ.”

ಬಕೆಟ್ಟು, ಪೊರಕೆ, ಸೋಪಿನ ಡಬ್ಬಗಳ ನಡುವೆ ತಲೆಕೆಳಗು ಮಾಡಿದ ಒಂದು ಬುಟ್ಟಿಯ ಮೇಲೆ ಮಿಡತೆ ಮುದುರಿ ಕೂತಿದ್ದಳು. ಬಾಗಿಲು ತೆರೆದಾಗ ಮೊದಲು ಬೆಚ್ಚಿ ಗೋಡೆಗೆ ಒತ್ತಿಕೊಂಡಳು. ಆಮೇಲೆ ತಾಯಿಯನ್ನು ಕಂಡಳು. ಇಬ್ಬರೂ ಎಷ್ಟು ಹೊತ್ತು ಆ ಇಕ್ಕಟ್ಟಿನಲ್ಲಿ ತಬ್ಬಿಕೊಂಡಿದ್ದರೋ, ಸ್ವಚ್ಛ ಮಾಡುವವಳು ಬಾಗಿಲಿಗೆ ಬೆನ್ನು ಮಾಡಿ ಅಡ್ಡ ನಿಂತಿದ್ದಳು.

ಹುಡುಗಿ ಬಿಟ್ಟು ಬಿಟ್ಟು ಹೇಳಿದಳು. ಅಕ್ಕ ಬರಲಿಲ್ಲ. ಅಪ್ಪನಷ್ಟು ವಯಸ್ಸಿನ ಒಬ್ಬ ಬಂದ. ‘ನಾನು ಅವಳ ಮಾವ, ಅವಳಿಗೆ ಕಾಲುನೋವು, ಕೆಳಗೆ ಕಾರಲ್ಲಿ ಕೂತಿದಾಳೆ, ಬಣ್ಣದ ಸೆಟ್ ಅವಳ ಹತ್ರಾನೇ ಇದೆ’ ಎಂದ. ಅವಳು ಬರೆದ ಪ್ರತಿಯೊಂದು ಚಿತ್ರವೂ ಅವನಿಗೆ ಗೊತ್ತಿತ್ತು. ಅವಳು ಅವನ ಜೊತೆ ಮೆಟ್ಟಿಲವರೆಗೆ ಹೋದಳು.

“ಅಲ್ಲಿ ಅವನು ಹೇಳ್ದ, ನಿನ್ನ ಅಮ್ಮನಿಗೆ ನೀನು ಅರ್ಥ ಆಗಲ್ಲ ಅಲ್ವಾ ಅಂತ. ಅದು ಅಕ್ಕ ಬರೆದಿದ್ದು ಅಮ್ಮಾ. ಅಕ್ಕ ಮಾತ್ರ ಬರೆದಿದ್ದು. ಆಗ ನನಗೆ…” ಅವಳು ತಾಯಿಯ ತೋಳು ಹಿಡಿದುಕೊಂಡಳು. “ಬಾತ್‌ರೂಮಿಗೆ ಹೋಗ್ಬೇಕು ಅಂದೆ. ಒಳಗೆ ಹೋಗಿ ಚಿಲಕ ಹಾಕ್ಕೊಂಡೆ. ಅವನು ಹೊರಗೆ ನಿಂತು ಕರೀತಾನೇ ಇದ್ದ. ನಿನಗೆ ಮಾಡ್ದೆ, ಹೋಗ್ಲಿಲ್ಲ. ಸಮಯ ಮುಗಿದಿದೆ, ಅನುಮತಿ ಇಲ್ಲ ಅಂತ ಬಂತು. ಅಪ್ಪಂದು ಮಾತ್ರ ಹೋಗ್ತಿತ್ತು. ಅಪ್ಪ ಎತ್ತಲಿಲ್ಲ. ಆಮೇಲೆ ಚಾರ್ಜ್ ಹೋಯ್ತು. ಒರೆಸೋಕೆ ಬಂದ ಈ ಆಂಟಿನ ಕಂಡು ಅವನು ಹೋದ, ಆಂಟಿ ನನ್ನನ್ನ ಇಲ್ಲಿ ಕೂರಿಸಿದ್ರು.”

“ಪೊಲೀಸರಿಗೆ ಮಾಡ್ಬಹುದಿತ್ತಲ್ಲ ಕಂದಾ, ಅದಕ್ಕೆ ಯಾವ ಬೀಗಾನೂ ಇಲ್ಲ.”

“ನಾನೇ ತಪ್ಪು ಮಾಡಿದೀನಲ್ಲ ಅಂತ ಹೆದ್ರಿಕೆ ಆಯ್ತು.”

ತಾಯಿ ಫೋನು ಮಾಡಿ ಕರೆಸಿದ ಅಪ್ಪ ಏದುಸಿರು ಬಿಡುತ್ತ ಬಂದಾಗ ಈ ಕೊನೆಯ ಮಾತುಗಳು ಅವನ ಕಿವಿಗೆ ಬಿದ್ದಿದ್ದವು. ಅವನು ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತ. ಮಗಳು ಎದ್ದುಹೋಗಿ ಅವನ ಸೊಂಟ ಹಿಡಿದಳು. “ಅಪ್ಪಾ, ನೀನು ಮೇಲಿದ್ದೆ ಅಂತ ಗೊತ್ತಿತ್ತು. ಆದ್ರೂ ಮಾಡ್ದೆ” ಎಂದಳು, ತಾನೇ ಸಮಾಧಾನ ಹೇಳುವವಳಂತೆ. ಅದನ್ನು ಕೇಳಿ ಅವನು ಜೋರಾಗಿ ಅತ್ತುಬಿಟ್ಟ.

ಪೊಲೀಸ್ ಠಾಣೆಯಲ್ಲಿ ಮಹಿಳಾ ಅಧಿಕಾರಿಯೊಬ್ಬರು ಮಗಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿ ಹಾಲು ತರಿಸಿ, ಅವಸರವಿಲ್ಲದೆ ಕೇಳಿ ಬರೆದುಕೊಂಡರು. ಅಂಗಡಿ ಸಂಕೀರ್ಣದ ಕ್ಯಾಮೆರಾದಲ್ಲಿ ಆ ಮನುಷ್ಯನ ಬೆನ್ನು ಕಂಡಿತ್ತು, ಮುಖ ಅರ್ಧ. ಅವನು ಇನ್ನೂ ಸಿಕ್ಕಿರಲಿಲ್ಲ. ಸಿಕ್ಕೇ ಸಿಗುತ್ತಾನೆಂದು ಅಧಿಕಾರಿ ಹೇಳಲೂ ಇಲ್ಲ. “ಫೋನ್ ಕೆಲವು ದಿನ ನಮ್ಮ ಹತ್ತಿರ ಇರುತ್ತೆ. ಅದರಲ್ಲಿರೋದೆಲ್ಲ ಸಾಕ್ಷಿ” ಎಂದು ಒಂದು ಕಾಗದ ಮುಂದಿಟ್ಟರು. “ಪೋಷಕರು ಯಾರು ಸಹಿ ಹಾಕ್ತೀರಿ?”

ಇಬ್ಬರೂ ಒಟ್ಟಿಗೆ ಪೆನ್ನಿಗೆ ಕೈ ಚಾಚಿದರು. ಇಬ್ಬರೂ ಒಟ್ಟಿಗೆ ಹಿಂತೆಗೆದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, “ಇಬ್ಬರೂ ಹಾಕಿ. ಜಾಗ ಇದೆ” ಎಂದರು.

ಹೊರಗೆ ಬೆಂಚಿನ ಮೇಲೆ ಮಗಳಿಗಾಗಿ ಕಾಯುವಾಗ ಅವನು ತನ್ನ ಫೋನು ತೆಗೆದು ಅವಳ ಕಡೆ ಚಾಚಿದ. “ಗುಪ್ತ ಸಂಖ್ಯೆ ಬರ್ಕೋ. ಎಲ್ಲದರದ್ದೂ.”

“ಬರ್ಕೊಂಡು ಏನು ಮಾಡ್ಲಿ? ನನ್ನ ಫೋನಲ್ಲಿ ಬರಲ್ಲ ಅದು.”

“ಹಾಗಾದ್ರೆ ನಾನೇ ಫೋನ್ ಬದಲಾಯಿಸ್ತೀನಿ. ಮಗಳಿಗೂ ನಿನ್ನಂಥದ್ದೇ ಆಗ್ಲಿ.”

“ಫೋನಿನ ಮಾತು ಇವತ್ತು ಬೇಡ” ಎಂದಳು. “ಅವಳು ಕೇಳಿದ್ದಕ್ಕೆ ನಾನು ಬೇಡ ಅಂದ್ರೆ ನೀನು ಹೂಂ ಅಂತೀಯ. ನೀನು ಹೂಂ ಅಂದ್ಯಲ್ಲ ಅಂತಾನೇ ನಾನು ಇನ್ನೊಂದಕ್ಕೆ ಬೀಗ ಹಾಕಿಸ್ತೀನಿ. ಆ ಮನುಷ್ಯನಿಗೆ ಇದೆಲ್ಲಾ ಗೊತ್ತಿತ್ತು ಕಣೋ. ಅಪ್ಪ ಅಮ್ಮ ಮಾತಾಡಲ್ಲ ಅಂತ ಅವಳೇ ಹೇಳಿದ್ಲಂತೆ. ಅದನ್ನ ತಿಳ್ಕೊಂಡೇ ಒಳಗೆ ಬಂದ.”

ಅವನು ತಲೆ ಎತ್ತಲಿಲ್ಲ. “ಹೊಡೆದುಬಿಡು ನನಗೆ” ಎಂದ.

“ಶಕ್ತಿ ಇಲ್ಲ.”

ಮನೆ ತಲುಪಿದಾಗ ಎದುರುಮನೆಯ ಅಜ್ಜಿ ಇನ್ನೂ ಕಿಟಕಿಯಲ್ಲೇ ಇದ್ದಳು. ಮೂವರನ್ನೂ ಎಣಿಸಿ ನೋಡಿದಳು, ಏನೂ ಕೇಳದೆ ಪರದೆ ಎಳೆದಳು. ಮಗಳು ಟ್ಯಾಕ್ಸಿಯಲ್ಲೇ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವನು ಅವಳನ್ನು ಎತ್ತಿಕೊಂಡು ಬಂದು, ಮಂಚದ ಮೇಲಿನ ಸಮವಸ್ತ್ರ ಸರಿಸಿ ಮಲಗಿಸಿದ. ಹೊದಿಕೆ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಅವಳು ತಂದುಕೊಟ್ಟಳು. ಮಗಳ ಕೈ ನಿದ್ದೆಯಲ್ಲೂ ಏನನ್ನೋ ಒತ್ತುವಂತೆ ಆಗಾಗ ಅಲುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

ಅವನು ಹೊರಡಲು ಬಾಗಿಲ ತನಕ ಹೋಗಿ ನಿಂತ. ಅವಳು ಅಡುಗೆಮನೆಯಿಂದ ಹೇಳಿದಳು:

“ಅವಳು ಎದ್ರೆ ನಿನ್ನ ಕೇಳ್ಬಹುದು. ಅಲ್ಲೇ ಕುರ್ಚಿ ಮೇಲೆ ಕೂತ್ಕೋ. ನನ್ನ ಮೇಲೆ ಏನೇನು ಸಿಟ್ಟಿದೆಯೋ ನಾಳೆ ಆಡು, ನಾನೂ ಆಡ್ತೀನಿ. ಎಲ್ಲಾ ಆಡಿ ಮುಗಿಸೋಣ.”

ಅವನು ಬಾಗಿಲು ಮುಚ್ಚಿ, ಮಗಳ ಕೋಣೆ ಕಾಣುವಂತೆ ಕುರ್ಚಿ ತಿರುಗಿಸಿಕೊಂಡು ಕೂತ. ಅವಳು ಒಲೆ ಹಚ್ಚಿದಳು.